ಧ್ವನಿಸುರುಳಿಯ ಮನೆಮುದ್ರಣ: ಬೆಳಗಾವಿ ಜಿಲ್ಲೆಯ ಗಡಿ ತಾಲ್ಲೂಕುಗಳಲ್ಲಿ

ಕಂಪನಿಯ ಸ್ಟುಡಿಯೋಗೆ ಹೋಗದೆ ಮನೆ, ಮಠ, ಗುಡಿ ಅಥವಾ ಶಾಲೆಯ ಕೋಣೆಯಲ್ಲಿ ಹಾಡುಗಳನ್ನು ಕಾಂತೀಯ ಟೇಪಿಗೆ ಇಳಿಸಿ, ಒಂದು ಸಂಗ್ರಹವಾಗಿ ಜೋಡಿಸಿ, ಪ್ರತಿ ತೆಗೆದು ಹಂಚುವ ಅಥವಾ ಮಾರುವ ಪದ್ಧತಿಗೆ ಧ್ವನಿಸುರುಳಿಯ ಮನೆಮುದ್ರಣ ಎನ್ನಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿರುವ ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಉತ್ತರ ಕರ್ನಾಟಕದ ಉಳಿದೆಡೆಯಂತೆಯೇ, ಇದು ಮುಖ್ಯವಾಗಿ 1980 ಮತ್ತು 1990ರ ದಶಕಗಳಿಗೆ ಸೇರಿದ್ದು. ಅದಕ್ಕೂ ಮುಂಚೆ ಯಾವ ಹಾಡು ಮುದ್ರಣಕ್ಕೆ ಯೋಗ್ಯ ಎಂಬುದನ್ನು ದೂರದ ನಗರಗಳ ಗ್ರಾಮಫೋನ್ ಕಂಪನಿಗಳು ತೀರ್ಮಾನಿಸುತ್ತಿದ್ದವು. ಕ್ಯಾಸೆಟ್ ಬಂದ ಮೇಲೆ ಆ ತೀರ್ಮಾನ ಹಳ್ಳಿಯ ಮೇಳದವರ ಕೈಗೂ ಬಂತು. ಈ ಮುದ್ರಣದ ಇತಿಹಾಸಕ್ಕೆ ಮಹತ್ವ ಬಂದಿರುವುದು ಇದರಿಂದಲೇ.

ಪ್ರದೇಶದ ಹಾಡುಗಾರಿಕೆ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲು ಕಬ್ಬು ಮತ್ತು ತಂಬಾಕಿನ ನಾಡು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಈ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ದಿನಬಳಕೆಯ ಭಾಷೆಗಳು. ಭಜನೆಗೆ ಕೂತ ಒಂದೇ ಮೇಳ ತತ್ವಪದದ ಬೆನ್ನಿಗೆ ಅಭಂಗವನ್ನೂ ಹಾಡುವುದು ಇಲ್ಲಿ ಸಹಜ. ಬೀರಪ್ಪನ ಗುಡಿಗಳ ಡೊಳ್ಳಿನ ಪದ, ಎಲ್ಲಮ್ಮನ ಜೋಗತಿಯರ ಚೌಡಕಿ ಪದ, ಮೊಹರಮ್ಮಿನ ರಿವಾಯತ್ ಪದ, ಗೀಗೀ ಪದ, ಲಾವಣಿ, ಸೋಬಾನೆ, ಕರಡಿ ಮಜಲು ಇಲ್ಲಿನ ಮುಖ್ಯ ಪ್ರಕಾರಗಳು. ರಂಗದ ಮೇಲೆ ಸಣ್ಣಾಟ ಮತ್ತು ಶ್ರೀಕೃಷ್ಣ ಪಾರಿಜಾತ ಎರಡಕ್ಕೂ ಬೆಳಗಾವಿ ಜಿಲ್ಲೆ ತವರು. ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದರ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮ ಇಬ್ಬರೂ ರಾಯಬಾಗದ ದಕ್ಷಿಣಕ್ಕಿರುವ ಗೋಕಾಕ ಸೀಮೆಯವರು.

ಶಾಸ್ತ್ರೀಯ ಸಂಗೀತದ ನಂಟೂ ಹತ್ತಿರದ್ದೇ. ಕಾಗವಾಡದ ನೆರೆಯ ಮಿರಜ ಪಟ್ಟಣ ಸಿತಾರ, ತಂಬೂರಿ ತಯಾರಿಕೆಗೆ ಪ್ರಸಿದ್ಧ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಳ್ಳುವವರೆಗೂ ನೆಲೆಸಿದ್ದ ಊರು ಅದು. ಹಾರ್ಮೋನಿಯಂ, ತಬಲಾ ರಿಪೇರಿಗೂ ತಂತಿ ಕೊಳ್ಳುವುದಕ್ಕೂ ಗಡಿ ಊರುಗಳ ಭಜನಾ ಮೇಳಗಳಿಗೆ ಮಿರಜ, ಕೊಲ್ಲಾಪುರಗಳೇ ಹತ್ತಿರದ ಪೇಟೆಗಳು.

ಕ್ಯಾಸೆಟ್ಟಿಗೆ ಮೊದಲು

ಭಾರತದಲ್ಲಿ ಧ್ವನಿಮುದ್ರಣದ ವ್ಯಾಪಾರ ಶುರುವಾದದ್ದು 1902ರಲ್ಲಿ. ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡನ್ನು ಗ್ರಾಮಫೋನ್ ಕಂಪನಿಗಾಗಿ ಮುದ್ರಿಸಿಕೊಂಡ. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಇರುಳಿಡೀ ನಡೆಯುವ ಡೊಳ್ಳಿನ ಪದಕ್ಕಾಗಲಿ ಪಾರಿಜಾತಕ್ಕಾಗಲಿ ಆ ಅಳತೆ ಒಗ್ಗುವಂಥದ್ದಲ್ಲ. ತಟ್ಟೆ ಅಚ್ಚು ಹಾಕಲು ಕಾರ್ಖಾನೆಯೇ ಬೇಕು. ಆದ್ದರಿಂದ ಹೆಚ್ಚು ಪ್ರತಿ ಖರ್ಚಾಗುವ ಹಾಡುಗಳನ್ನಷ್ಟೇ ಕಂಪನಿಗಳು ಆರಿಸಿಕೊಳ್ಳುತ್ತಿದ್ದವು.

1950ರ ಜನವರಿ 8ರಂದು ಆರಂಭವಾದ ಆಕಾಶವಾಣಿಯ ಧಾರವಾಡ ಕೇಂದ್ರ ಈ ಭಾಗದ ಜನಪದ ಗಾಯಕರಿಗೆ ಬೇರೊಂದು ದಾರಿ ತೆರೆಯಿತು. ಮುರಗೋಡಿನ ಹುಕ್ಕೇರಿ ಬಾಳಪ್ಪನವರಂಥವರ ದನಿ ಮನೆಮನೆ ಮುಟ್ಟಿದ್ದು ರೇಡಿಯೋದಿಂದ. ಆದರೆ ಮುದ್ರಿತ ಟೇಪು ಕೇಂದ್ರದ ಸ್ವತ್ತಾಗಿ ಅಲ್ಲಿಯೇ ಉಳಿಯುತ್ತಿತ್ತು. ಹಾಡಿದವರಿಗೆ ತಮ್ಮ ದನಿಯನ್ನು ಬೇಕೆಂದಾಗ ಕೇಳುವ ಅನುಕೂಲವಿರಲಿಲ್ಲ.

ಟೇಪಿನ ಕಥೆ ಜರ್ಮನಿಯದು. 1928ರಲ್ಲಿ ಫ್ರಿಟ್ಸ್ ಫ್ಲೂಮರ್ ಕಾಗದದ ಪಟ್ಟಿಗೆ ಲೋಹದ ಪುಡಿ ಲೇಪಿಸಿ ಪೇಟೆಂಟ್ ಪಡೆದ. 1935ರಲ್ಲಿ ಎಇಜಿ ಕಂಪನಿ ‘ಮ್ಯಾಗ್ನೆಟೋಫೋನ್’ ಯಂತ್ರವನ್ನು ಬರ್ಲಿನ್ನಿನಲ್ಲಿ ಪ್ರದರ್ಶಿಸಿತು. 6.25 ಮಿ.ಮೀ. ಅಗಲದ ಟೇಪು ಸುತ್ತಿದ ಸ್ಪೂಲ್ ಯಂತ್ರಗಳು ಭಾರತದಲ್ಲಿ ಆಕಾಶವಾಣಿ, ವಿಶ್ವವಿದ್ಯಾಲಯ ಮತ್ತು ಕೆಲವೇ ಅನುಕೂಲಸ್ಥ ರಸಿಕರ ಮನೆಗಳನ್ನು ಸೇರಿದವು. ಜನಪದ ಸಂಶೋಧಕರು ಇವನ್ನು ಕ್ಷೇತ್ರಕಾರ್ಯಕ್ಕೆ ಒಯ್ದರಾದರೂ ಭಾರ ಮತ್ತು ಬೆಲೆಯಿಂದಾಗಿ ಅವು ಸಾಮಾನ್ಯರ ಕೈಗೆ ಬರಲಿಲ್ಲ.

ಕ್ಯಾಸೆಟ್ಟಿನ ಆಗಮನ

ನೆದರ್ಲೆಂಡ್ಸಿನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೋ ಮೇಳದಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಹೊರತಂದಿತು. ಅದರ ಹಿಂದೆ ಇದ್ದದ್ದು ಬೆಲ್ಜಿಯಮ್ಮಿನ ಹಾಸೆಲ್ಟ್ ಕಾರ್ಖಾನೆಯ ಲೂ ಒಟೆನ್ಸ್ ಮತ್ತು ಅವನ ತಂಡ. 3.81 ಮಿ.ಮೀ. ಅಗಲದ ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಓಡುತ್ತದೆ. ‘ಸಿ-60’ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು ಇದ್ದು, ಬದಿಗೆ 30 ನಿಮಿಷದಂತೆ ಒಂದು ಗಂಟೆ ಹಾಡು ಹಿಡಿಯುತ್ತದೆ.

1970ರ ದಶಕದ ಕೊನೆಯಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದ, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದಾದ ಟೂ-ಇನ್-ಒನ್‌ಗಳು, ಆಮದು ನೀತಿಯ ಸಡಿಲಿಕೆ, ಆಮೇಲೆ ದೇಶದಲ್ಲೇ ತಯಾರಾದ ಅಗ್ಗದ ಯಂತ್ರ ಮತ್ತು ಟೇಪು ಇವೆಲ್ಲ ಸೇರಿ ಕ್ಯಾಸೆಟ್ಟನ್ನು ಹಳ್ಳಿಗೆ ತಂದವು. ಕನ್ನಡದಲ್ಲಿ ಕೆ. ಎಸ್. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಭಾವಗೀತೆಯ ಧ್ವನಿಸುರುಳಿಗಳಿಗೆ ಹಾದಿ ಹಾಕಿತು. ಬೆಂಗಳೂರಿನ ಲಹರಿಯಂಥ ಕಂಪನಿಗಳು ಬೆಳೆದವು. ಉತ್ತರ ಕರ್ನಾಟಕದ ಮಾತಿನಲ್ಲೇ ಹಾಡಿದ ಗುರುರಾಜ ಹೊಸಕೋಟೆಯವರ ಜನಪದ ಕ್ಯಾಸೆಟ್ಟುಗಳು ಮನೆಮಾತಾದವು. ಈ ಯಶಸ್ಸು ಊರೂರಿನ ಮೇಳಗಳಿಗೆ ಧೈರ್ಯ ಕೊಟ್ಟಿತು. ಉತ್ತರ ಭಾರತದಲ್ಲಿ ಇಂಥದೇ ಬೆಳವಣಿಗೆಯನ್ನು ಪೀಟರ್ ಮ್ಯಾನುಯೆಲ್ 1993ರ ‘ಕ್ಯಾಸೆಟ್ ಕಲ್ಚರ್’ ಗ್ರಂಥದಲ್ಲಿ ವಿವರಿಸಿದ್ದಾರೆ: ಬಂಡವಾಳ ಕಡಿಮೆ ಸಾಕಾದಾಗ ಪ್ರಾದೇಶಿಕ ಭಾಷೆ ಮತ್ತು ಸಣ್ಣ ಸಮುದಾಯಗಳ ಸಂಗೀತಕ್ಕೂ ಮಾರುಕಟ್ಟೆ ಹುಟ್ಟಿತೆಂಬುದು ಅವರ ಪ್ರತಿಪಾದನೆ.

ಪಾಶ್ಚಾತ್ಯ ದೇಶಗಳಲ್ಲಿ ಮನೆಮುದ್ರಣಕ್ಕೆ ತಿರುವು ಕೊಟ್ಟದ್ದು 1979ರಲ್ಲಿ ಟಿಯಾಕ್ ಕಂಪನಿ ತಂದ ‘ಪೋರ್ಟಾಸ್ಟುಡಿಯೋ 144’. ಸಾಮಾನ್ಯ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಪಥಗಳಲ್ಲಿ ಒಂದಾದ ಮೇಲೊಂದು ದನಿ ತುಂಬುವ ಯಂತ್ರವದು. ಬ್ರೂಸ್ ಸ್ಪ್ರಿಂಗ್‌ಸ್ಟೀನನ 1982ರ ‘ನೆಬ್ರಾಸ್ಕಾ’ ಅದರಲ್ಲೇ ಮುದ್ರಿತವಾಯಿತು. ಹಳ್ಳಿಯ ಮೇಳಗಳ ಮುದ್ರಣ ಇದಕ್ಕಿಂತ ಸರಳವಾದದ್ದು: ಎಲ್ಲರೂ ಒಟ್ಟಿಗೆ ಕೂತು, ಒಂದೇ ಓಟದಲ್ಲಿ ಹಾಡಿ ಮುಗಿಸುವುದು.

ಮುದ್ರಣದ ವಿಧಾನ

ಒಂದು ಟೇಪ್ ರೆಕಾರ್ಡರ್, ಒಂದು ಮೈಕು, ಖಾಲಿ ಕ್ಯಾಸೆಟ್ಟು: ಬೇಕಾಗುವುದು ಇಷ್ಟೇ. ಟೇಪಿನ ಮೇಲ್ಮೈಯಲ್ಲಿ ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳಿರುತ್ತವೆ. ಅಳಿಸುವ ಹೆಡ್ಡು ಹಳೆಯ ಕಾಂತತೆಯನ್ನು ತೆಗೆದ ಮೇಲೆ ಮುದ್ರಿಸುವ ಹೆಡ್ಡು ಮೈಕಿನಿಂದ ಬಂದ ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಆ ಕಣಗಳನ್ನು ಕಾಂತೀಕರಿಸುತ್ತದೆ. ಟೇಪಿನ ವೇಗ ಕಡಿಮೆ, ಪಥ ಕಿರಿದು. ಹಾಗಾಗಿ ಕ್ಯಾಸೆಟ್ಟಿನಲ್ಲಿ ‘ಸುಂಯ್’ ಎನ್ನುವ ಸದ್ದು ಇದ್ದೇ ಇರುತ್ತದೆ. ಅನುಭವಸ್ಥರು ಸಿ-90ಕ್ಕಿಂತ ಸಿ-60 ಮೇಲೆನ್ನಲು ಕಾರಣ ಟೇಪಿನ ದಪ್ಪ: ಮೊದಲನೆಯದು ಸುಮಾರು 12 ಮೈಕ್ರಾನ್, ಎರಡನೆಯದು ಸುಮಾರು 18. ತೆಳು ಟೇಪು ರೋಲರಿಗೆ ಬೇಗ ಸುತ್ತಿಕೊಳ್ಳುತ್ತದೆ.

ಕಷ್ಟವಾಗುತ್ತಿದ್ದುದು ದನಿಗಳ ಸಮತೋಲ. ಸಾಮಾನ್ಯ ಟೇಪ್ ರೆಕಾರ್ಡರುಗಳಲ್ಲಿ ಧ್ವನಿಮಟ್ಟವನ್ನು ತಾನಾಗಿ ಹೊಂದಿಸಿಕೊಳ್ಳುವ ಏರ್ಪಾಡು ಇರುತ್ತದೆ. ಡೊಳ್ಳಿಗೆ ಪೆಟ್ಟು ಬಿದ್ದ ಕೂಡಲೇ ಅದು ಒಟ್ಟು ಮಟ್ಟವನ್ನೇ ತಗ್ಗಿಸುವುದರಿಂದ ಹಾಡುಗಾರನ ದನಿ ಕ್ಷಣಹೊತ್ತು ಅಡಗಿ ಮತ್ತೆ ಏಳುತ್ತದೆ. ಇದಕ್ಕಿರುವ ಉಪಾಯ ಕೂರುವ ಕ್ರಮದಲ್ಲಿದೆ. ಮುಖ್ಯ ಹಾಡುಗಾರನನ್ನು ಮೈಕಿನ ಎದುರಿಗೆ, ಹಾರ್ಮೋನಿಯಮ್ಮನ್ನು ತುಸು ಪಕ್ಕಕ್ಕೆ, ಹಿಮ್ಮೇಳದವರನ್ನು ಹಿಂದಕ್ಕೆ, ಡೊಳ್ಳು, ತಾಳಗಳನ್ನು ಇನ್ನೂ ದೂರಕ್ಕೆ ಕೂರಿಸಬೇಕು. ಗೋಡೆಗೆ ಕೌದಿ, ಕಂಬಳಿ ಇಳಿಬಿಟ್ಟರೆ ಕೋಣೆಯ ಮಾರ್ದನಿ ಕಡಿಮೆಯಾಗುತ್ತದೆ. ವಾಹನಗಳ ಸದ್ದು ಅಡಗಿದ ರಾತ್ರಿಯೇ ಮುದ್ರಣಕ್ಕೆ ತಕ್ಕ ಹೊತ್ತು.

ಕರೆಂಟು ಹೋದರೆ ಗತಿ ಬ್ಯಾಟರಿಯೇ. ಅದು ಸೊರಗಿದಾಗ ಮೋಟಾರು ನಿಧಾನವಾಗುತ್ತದೆ. ಹಾಗೆ ಮುದ್ರಿಸಿದ ಹಾಡು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಏರಿ ಓಡುತ್ತದೆ. ಮುದ್ರಣ ಮುಗಿದ ಮೇಲೆ ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಚಿಪ್ಪನ್ನು ಮುರಿದರೆ ಅದರ ಮೇಲೆ ಬೇರೆ ಹಾಡು ಬೀಳುವ ಭಯವಿಲ್ಲ. ಮುಂದಿನ ಪ್ರತಿಗಳಿಗೆಲ್ಲ ಮೂಲ ಇದೇ.

ಹಾಡಿನ ರೂಪದಲ್ಲಾದ ಬದಲಾವಣೆ

ಅರ್ಧ ಗಂಟೆಯ ಬದಿ ಹಾಡುಗಾರಿಕೆಗೆ ಹೊಸ ಅಳತೆ ತಂದಿತು. ಹರದೇಶಿ–ನಾಗೇಶಿ ವಾದದಲ್ಲಿ ಒಂದು ಮೇಳ ಶಿವನ ಪರ, ಇನ್ನೊಂದು ಶಕ್ತಿಯ ಪರ ಹಾಡುತ್ತ ಬೆಳಗು ಹರಿಸುತ್ತದೆ. ಕ್ಯಾಸೆಟ್ಟಿನಲ್ಲಿ ಸವಾಲಿಗೊಂದು ಬದಿ, ಜವಾಬಿಗೊಂದು ಬದಿ ಎಂದು ಹಂಚಬಹುದಾಯಿತು. ದೀರ್ಘ ಕಥನಗಳನ್ನು ‘ಭಾಗ 1’, ‘ಭಾಗ 2’ ಎಂದು ಹಲವು ಕ್ಯಾಸೆಟ್ಟುಗಳಿಗೆ ಒಡೆದರು. ಪಾರಿಜಾತದಂಥ ಆಟಗಳು ಕ್ಯಾಸೆಟ್ಟಿಗೆ ಇಳಿಯುವಾಗ ಸಂಭಾಷಣೆ ಮೊಟಕಾಗಿ ಪದಗಳೇ ಮುಂದೆ ಬಂದವು.

ಹಾಗೆಂದು ಎಲ್ಲವೂ ಕುಗ್ಗಲಿಲ್ಲ. ಮೂರು ನಿಮಿಷದ ತಟ್ಟೆಯಲ್ಲಿ ಜಾಗವೇ ಸಿಗದ ಗದ್ಯದ ವಿವರಣೆ, ನಡುವಿನ ‘ಹೌದಪ್ಪಾ’ ಎಂಬ ಒತ್ತಾಸೆ, ಕೇಳುಗರ ನಗು ಕ್ಯಾಸೆಟ್ಟಿನಲ್ಲಿ ಉಳಿದವು. ಜೊತೆಗೆ ಕಲಿಕೆಯ ದಾರಿಯೂ ಬದಲಾಯಿತು: ಗುರುವಿನ ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ಪದವನ್ನು ಟೇಪು ಹಿಂದೆ ಮುಂದೆ ಓಡಿಸಿ ಕಲಿಯುವವರು ಹುಟ್ಟಿಕೊಂಡರು.

ಡೊಳ್ಳಿನ ಪದ, ಗೀಗೀ ಪದಗಳ ಕೊನೆಯ ನುಡಿಯಲ್ಲಿ ಊರು, ಗುರು, ಕವಿಯ ಹೆಸರು ಸೇರಿಸುವ ಅಂಕಿತದ ಪದ್ಧತಿ ಮೊದಲಿನಿಂದಲೂ ಇದೆ. ಕ್ಯಾಸೆಟ್ಟಿನ ಯುಗದಲ್ಲಿ ಅದಕ್ಕೆ ಹೊಸ ಪ್ರಯೋಜನ ದೊರೆಯಿತು. ಚೀಟಿ ಹರಿದು ಹೋದರೂ, ಪ್ರತಿಯ ಮೇಲೆ ಪ್ರತಿ ತೆಗೆದರೂ ಹಾಡು ಯಾವ ಊರಿನ ಯಾವ ಕವಿಯದೆಂದು ಹಾಡೇ ಹೇಳುತ್ತದೆ.

ಪ್ರತಿ, ಮಾರಾಟ ಮತ್ತು ಹಕ್ಕು

ಪ್ರತಿ ತೆಗೆಯಲು ಎರಡು ಡೆಕ್ಕಿನ ಯಂತ್ರ ಸಾಕು. ಇಮ್ಮಡಿ ವೇಗದಲ್ಲಿ ಓಡಿಸಿದರೆ ಒಂದು ಬದಿ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಪ್ರತಿಯ ಪ್ರತಿಗೆ ಇಳಿದಷ್ಟೂ ಸುಂಯ್‌ಗುಟ್ಟುವುದು ಹೆಚ್ಚಿ, ತಾಳದ ಝೇಂಕಾರ ಮಂಕಾಗುತ್ತದೆ. ಪೇಟೆಯ ಕ್ಯಾಸೆಟ್ ಅಂಗಡಿಗಳು ಬೇಕಾದ ಹಾಡನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದವು. ದೊಡ್ಡ ಮಾರುಕಟ್ಟೆಯೆಂದರೆ ಜಾತ್ರೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ಬರುತ್ತಾರೆ. ಅಥಣಿ ತಾಲ್ಲೂಕಿನ ಕೊಕಟನೂರ ಎಲ್ಲಮ್ಮ, ಚಿಕ್ಕೋಡಿ ಸೀಮೆಯ ಯಡೂರ ವೀರಭದ್ರರ ಕ್ಷೇತ್ರಗಳಿಗೂ ಎರಡು ಭಾಷೆಯ ಭಕ್ತರಿದ್ದಾರೆ. ಭಕ್ತಿಪದಗಳಿಗೆ ಇಂಥ ಕಡೆ ಕೇಳುಗರ ಕೊರತೆಯಿಲ್ಲ. ಕಬ್ಬಿನ ಟ್ರ್ಯಾಕ್ಟರು, ಟೆಂಪೋಗಳ ಟೇಪುಗಳು ಹಾಡನ್ನು ಊರಿಂದೂರಿಗೆ ಸಾಗಿಸಿದವು.

ನಕಲಿಯ ಹಾವಳಿ ತಡೆಯಲು 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ತಂದು ಶಿಕ್ಷೆ ಹೆಚ್ಚಿಸಲಾಯಿತು. ಕ್ಯಾಸೆಟ್ಟಿನ ಮೇಲೆ ಮುದ್ರಿಸಿದವರ ಮತ್ತು ಹಕ್ಕುದಾರರ ವಿವರ, ವರ್ಷ ಇರಬೇಕೆಂಬ ನಿಯಮವೂ ಬಂತು. ಹಾಡಿದವರಿಗೇ ಹಕ್ಕನ್ನು ಒಪ್ಪಿದ್ದು 1994ರ ತಿದ್ದುಪಡಿ. ಅಷ್ಟರೊಳಗೆ ಎಷ್ಟೋ ಜನಪದ ಗಾಯಕರು ಒಮ್ಮೆ ಸಿಕ್ಕ ಸಂಭಾವನೆಗೇ ತೃಪ್ತರಾಗಬೇಕಾಗಿತ್ತು. ಹಾಡು ಸಾವಿರ ಮನೆ ಮುಟ್ಟಿದರೂ ಹಾಡಿದವರ ಮನೆಗೆ ಫಲ ಬರದಿದ್ದುದು ಈ ಇತಿಹಾಸದ ನೋವಿನ ಭಾಗ.

ಇಳಿಗಾಲ

1990ರ ದಶಕದ ಕೊನೆಗೆ ಸಿ.ಡಿ., ಅನಂತರ ಎಂಪಿ3 ತಟ್ಟೆಗಳು ಬಂದವು. ಒಂದು ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡು ಸಿಗುವಾಗ ಕ್ಯಾಸೆಟ್ಟು ಉಳಿಯುವಂತಿರಲಿಲ್ಲ. ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿ ಮೆಮೊರಿ ಕಾರ್ಡಿಗೆ ಹಾಡು ತುಂಬತೊಡಗಿದವು. ಆಮೇಲೆ ಯೂಟ್ಯೂಬ್ ಆ ಕೆಲಸವನ್ನೂ ಕೊಂಡೊಯ್ಯಿತು. ಊರಲ್ಲೇ ಹಾಡಿ, ಊರಿನಿಂದಲೇ ಹೊರಬಿಡುವ ಪದ್ಧತಿ ಮಾತ್ರ ಮುಂದುವರಿದಿದೆ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ನಿಪನಾಳ ಅವರು ‘ನಾ ಡ್ರೈವರ್’ ಹಾಡಿನಿಂದ ನಾಡಿಗೆಲ್ಲ ಪರಿಚಿತರಾದದ್ದು ಇದೇ ಬಗೆಯ ದಾರಿಯಲ್ಲಿ.

ಸಂರಕ್ಷಣೆ

ಮನೆಯಲ್ಲಿ ಮುದ್ರಿತವಾದ ಟೇಪುಗಳಿಗೆ ಕಂಪನಿಯ ದಾಖಲೆಯಿಲ್ಲ; ಎಷ್ಟೋ ಮೇಳಗಳ ದನಿಗೆ ಮನೆಯ ಟ್ರಂಕಿನಲ್ಲಿರುವ ಕ್ಯಾಸೆಟ್ಟೇ ಏಕೈಕ ಸಾಕ್ಷಿ. ಎಚ್. ಎಲ್. ನಾಗೇಗೌಡರು 1979ರಲ್ಲಿ ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತು, ರಾಮನಗರದ ಬಳಿ ಅವರೇ ರೂಪಿಸಿದ ಜಾನಪದ ಲೋಕ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಜನಪದ ಸಂಗೀತದ ಸಂಗ್ರಹ ಮತ್ತು ಅಧ್ಯಯನಕ್ಕೆ ಮೀಸಲಾದ ಸಂಸ್ಥೆಗಳು. ಖಾಸಗಿ ಟೇಪುಗಳು ಇಂಥಲ್ಲಿಗೆ ತಲುಪಬೇಕಾದದ್ದು ತುರ್ತಿನ ಕೆಲಸ. ತೇವದಿಂದ ಬೂಷ್ಟು, ಬಿಸಿಲಿನಿಂದ ಸೊಟ್ಟತನ, ಕಾಲ ಕಳೆದಂತೆ ಲೇಪ ಉದುರುವಿಕೆ ಟೇಪಿನ ಶತ್ರುಗಳು.

ಉಳಿಸುವ ಕ್ರಮ ಹೀಗಿದೆ. ಟೇಪನ್ನು ತೇವವಿಲ್ಲದ ತಂಪು ಜಾಗದಲ್ಲಿ, ಸ್ಪೀಕರಿನಂಥ ಅಯಸ್ಕಾಂತದಿಂದ ದೂರ, ನೆಟ್ಟಗೆ ನಿಲ್ಲಿಸಿ ಇಡಬೇಕು. ಬೂಷ್ಟು ಹಿಡಿದದ್ದನ್ನು ಶುಚಿ ಮಾಡದೆ ನುಡಿಸಬಾರದು. ಸ್ಪಿರಿಟ್ಟಿನಿಂದ ಹೆಡ್ಡು ಒರೆಸಿ, ಅದರ ಕೋನವನ್ನು ಆಯಾ ಟೇಪಿಗೆ ಹೊಂದಿಸಿ, ಒಮ್ಮೆ ಪೂರ್ತಿ ನುಡಿಸುತ್ತ 24 ಬಿಟ್, 96 ಕಿಲೋಹರ್ಟ್ಸ್ ಮಟ್ಟದ ಡಿಜಿಟಲ್ ಕಡತ ಮಾಡುವುದು ಅಂತರರಾಷ್ಟ್ರೀಯ ಧ್ವನಿಸಂಗ್ರಹಾಲಯಗಳ ಪದ್ಧತಿ. ವೇಗ ತಪ್ಪಿದ ಟೇಪನ್ನು ಸರಿಪಡಿಸಲು ಎರಡು ಸುಳಿವುಗಳಿವೆ: ಕರೆಂಟಿನಲ್ಲಿ ಮುದ್ರಿಸಿದ ಟೇಪಿನಲ್ಲಿ ಸೇರಿಕೊಂಡಿರಬಹುದಾದ 50 ಹರ್ಟ್ಸ್ ಗುಂಯ್‌ಕಾರ, ಮತ್ತು ಹಾರ್ಮೋನಿಯಮ್ಮಿನ ಸ್ಥಿರ ಶ್ರುತಿ. ಮೇಳದ ಹಿರಿಯರಿಗೆ ಆಗ ಹಾಡಿದ್ದು ಹಾರ್ಮೋನಿಯಮ್ಮಿನ ಕಪ್ಪು ಎರಡನೆಯ ಮನೆಯ ಶ್ರುತಿಯಲ್ಲೋ ಬಿಳಿ ನಾಲ್ಕನೆಯದರಲ್ಲೋ ಎಂಬುದು ನೆನಪಿದ್ದರೆ ಮೂಲ ವೇಗ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಸಿಗುತ್ತದೆ. ಹಾಡುಗಾರರ ಹೆಸರು, ಊರು, ಸಂದರ್ಭ, ವರ್ಷಗಳನ್ನು ಅವರು ಬದುಕಿರುವಾಗಲೇ ಬರೆದಿಟ್ಟು ಕಡತಕ್ಕೆ ಸೇರಿಸುವುದು ಮುದ್ರಣದಷ್ಟೇ ಮುಖ್ಯವಾದ ಕೆಲಸ.