ಗೀ ಗೀ ಎನ್ನುವವರ ಚರಿತ್ರೆ

ಕಳೆದ ಬೇಸಿಗೆಯಲ್ಲಿ ಹಾರೂಗೇರಿಯ ನನ್ನ ಚಿಗವ್ವನ ಮಗಳು ಐದು ದಿನದ ಗೀಗೀ ಪದಗಳ ತರಬೇತಿ ಶಿಬಿರಕ್ಕೆ ಹೋಗಿದ್ದಳು. ಬಿ.ಎ. ಎರಡನೆಯ ವರ್ಷದ ಹುಡುಗಿ. ಕಾಲೇಜಿನ ಸ್ಪರ್ಧೆಗಳಲ್ಲಿ ಭಾವಗೀತೆ ಹಾಡಿ ಬಹುಮಾನ ತಂದವಳು. ಶಿಬಿರದಲ್ಲಿ ಮೊದಲ ದಿನವೇ ಮಾಸ್ತರರು ಅವಳ ಕೈಗೆ ತಾಳ ಕೊಟ್ಟು ಹಿಂದೆ ನಿಲ್ಲಿಸಿದರು. ಎರಡು ದಿನ ಅವಳಿಗೆ ಹಾಡಲು ಸಿಕ್ಕದ್ದು 'ಗೀ ಗೀ' ಎಂಬ ಪಲ್ಲವಿ ಮಾತ್ರ. ರಾತ್ರಿ ಫೋನ್ ಮಾಡಿ ಅಳುವ ದನಿಯಲ್ಲಿ, "ಅಕ್ಕಾ, ನಾ ಹಾಡಾಕ ಹೋಗೇನೋ, ಹೂಂ ಅನ್ನಾಕ ಹೋಗೇನೋ?" ಎಂದಳು.

ಜನಪದ ಹಾಡುಗಾರಿಕೆಯ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನಲ್ಲಿ ಅವಳ ಪ್ರಶ್ನೆಗೆ ತಕ್ಷಣದ ಉತ್ತರ ಇರಲಿಲ್ಲ. ಗೀಗೀ ಮೇಳದಲ್ಲಿ ಸಾಮಾನ್ಯವಾಗಿ ಮೂವರು. ಮುಂದಿನವರು ದಪ್ಪು ಬಾರಿಸುತ್ತ ಪದ ಹೇಳುತ್ತಾರೆ. ಹಿಂದಿನ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ತುಂತುನಿ, ಇನ್ನೊಬ್ಬರ ಕೈಯಲ್ಲಿ ತಾಳ. ನುಡಿ ಮುಗಿಯುವ ಹೊತ್ತಿಗೆ ಆ ಇಬ್ಬರು ದನಿ ಎತ್ತಿ ಪಲ್ಲವಿ ಹಿಡಿಯುತ್ತಾರೆ. ಮುಂದಿನವರು ಉಸಿರು ತೆಗೆದುಕೊಳ್ಳುವುದು, ಮುಂದಿನ ನುಡಿ ನೆನಪಿಸಿಕೊಳ್ಳುವುದು ಆ ಹೊತ್ತಿನಲ್ಲೇ. ಹಾಡಿನ ಪ್ರಕಾರಕ್ಕೆ ಹೆಸರು ಬಂದದ್ದು ಹಿಂದಿನವರ ಈ ಪಲ್ಲವಿಯಿಂದ. ಗಡಿಯಾಚೆ ಮಿರಜ, ಸಾಂಗಲಿಯ ಕಡೆ ಶಾಹೀರರು ಪೋವಾಡ ಹಾಡುವಾಗಲೂ ಹಿಂದಿನವರು 'ಜೀ ಜೀ' ಎಂದು ದನಿ ಕೂಡಿಸುತ್ತಾರೆ. ಎರಡು ಭಾಷೆಯ ಮಂದಿ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಸೀಮೆ ಇದು. ಹಾಡುವ ರೀತಿಯೂ ಗಡಿ ದಾಟಿ ಓಡಾಡಿದೆ.

ಮೂರನೆಯ ದಿನ ಅವಳು ನನಗೊಂದು ವಿಡಿಯೊ ಕಳಿಸಿದಳು. ಅಮೆರಿಕದ ನಾಲ್ವರು ವಾದ್ಯವಿಲ್ಲದೆ ಹಾಡುತ್ತಿದ್ದರು. "ಇದು ನಮ್ಮ ಗೀಗೀ ಇದ್ದಂಗ ಐತಿ ನೋಡಕ್ಕಾ" ಎಂದು ಕೆಳಗೆ ಬರೆದಿದ್ದಳು. ಅದು ಬಾರ್ಬರ್‌ಶಾಪ್ ಹಾಡುಗಾರಿಕೆ, ಅಂದರೆ ಕ್ಷೌರದಂಗಡಿಯ ಹಾಡು. ಪೂರ್ತಿ ಒಂದೇ ಎನ್ನಲಾಗದು. ಗೀಗೀಯಲ್ಲಿ ದನಿಗಳು ಒಂದೇ ಸ್ವರದಲ್ಲಿ ಕೂಡುತ್ತವೆ. ಅಲ್ಲಿ ನಾಲ್ಕು ದನಿ ನಾಲ್ಕು ಸ್ವರದಲ್ಲಿ ನಿಲ್ಲುತ್ತವೆ. ಮಟ್ಟು ಹಾಡುವವನು 'ಲೀಡ್', ಅವನ ಮೇಲೆ 'ಟೆನರ್', ತಳದಲ್ಲಿ 'ಬಾಸ್', ನಡುವೆ ಉಳಿದ ಜಾಗ ತುಂಬುವವನು 'ಬ್ಯಾರಿಟೋನ್'. ನಾಲ್ಕೂ ಕರಾರುವಾಕ್ಕಾಗಿ ಕೂಡಿದಾಗ ಯಾರೂ ಹಾಡದ ಐದನೆಯದೊಂದು ಸ್ವರ ಮೇಲೆ ಮೊಳಗಿದಂತೆ ಕೇಳುತ್ತದೆ. ಆ ಹಾಡುಗಾರರೆಲ್ಲ ಬೆನ್ನು ಹತ್ತುವುದು ಅದನ್ನೇ.

ಅವಳ ನೆಪದಲ್ಲಿ ಆ ಹಾಡಿನ ಚರಿತ್ರೆ ಓದತೊಡಗಿದೆ. 1938ರ ಏಪ್ರಿಲ್‌ನಲ್ಲಿ ಒಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಓ. ಸಿ. ಕ್ಯಾಶ್ ಮತ್ತು ರೂಪರ್ಟ್ ಹಾಲ್ ಎಂಬಿಬ್ಬರು ಗೆಳೆಯರನ್ನು ಕೂಡಿಸಿ, ಈ ಹಾಡುಗಾರಿಕೆಯನ್ನು ಉಳಿಸಲು ಸಂಘ ಕಟ್ಟಿದರು. ಹಳೆಯ ಕಾಲದ ಬಿಳಿಯ ಗಂಡಸರು, ಪಟ್ಟೆ ಅಂಗಿ, ಹುಲ್ಲಿನ ಟೋಪಿ. ಜನರ ಕಣ್ಣಲ್ಲಿ ಉಳಿದ ಚಿತ್ರ ಇದು. ಆದರೆ ಈ ಶೈಲಿಯ ಬೇರು ಕಪ್ಪು ಜನರ ಬದುಕಿನಲ್ಲಿದೆ. ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ 1925ರಲ್ಲೇ, ಆಧ್ಯಾತ್ಮಿಕ ಹಾಡುಗಳ ಸಂಕಲನವೊಂದರ ಮುನ್ನುಡಿಯಲ್ಲಿ, ತನ್ನ ಊರಿನ ಕಪ್ಪು ಕ್ಷೌರದಂಗಡಿಗಳ ನಾಲ್ವರ ಹಾಡುಗಾರಿಕೆಯನ್ನು ನೆನೆದಿದ್ದ. ಸಂಶೋಧಕ ಲಿನ್ ಅಬಟ್ 1992ರಲ್ಲಿ ದಾಖಲೆಗಳ ಸಮೇತ ಈ ಮಾತನ್ನು ಮತ್ತೆ ಮುಂದಿಟ್ಟರು.

ಉಳಿಸಲು ಹುಟ್ಟಿದ ಸಂಘವೇ ಹುಟ್ಟಿಸಿದವರನ್ನು ಹೊರಗಿಟ್ಟಿತು. 1941ರಲ್ಲಿ ನ್ಯೂಯಾರ್ಕಿನ ಸ್ಪರ್ಧೆ ಗೆದ್ದದ್ದು 'ಗ್ರ್ಯಾಂಡ್ ಸೆಂಟ್ರಲ್ ರೆಡ್ ಕ್ಯಾಪ್ಸ್' ಎಂಬ ತಂಡ. ರೈಲು ನಿಲ್ದಾಣದಲ್ಲಿ ಸಾಮಾನು ಹೊರುವ ಕಪ್ಪು ಕೂಲಿಗಳು ಅವರು. ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸ್ಪರ್ಧೆಗೆ ಅವರಿಗೆ ಪ್ರವೇಶ ಸಿಗಲಿಲ್ಲ. ನ್ಯೂಯಾರ್ಕಿನ ಮಾಜಿ ಗವರ್ನರ್ ಅಲ್ ಸ್ಮಿತ್, ಉದ್ಯಾನಗಳ ಆಯುಕ್ತ ರಾಬರ್ಟ್ ಮೋಸೆಸ್ ಇದನ್ನು ಪ್ರತಿಭಟಿಸಿ ಸಂಘ ಬಿಟ್ಟರು. ಆದರೂ ಆ ಬಾಗಿಲು ತೆರೆದದ್ದು 1963ರಲ್ಲಿ. ಹೆಂಗಸರು 1945ರಲ್ಲೇ ತಮ್ಮ ಬೇರೆ ಸಂಘ ಕಟ್ಟಿಕೊಂಡಿದ್ದರು. ಮೂಲ ಸಂಘ ಅವರಿಗೆ ಪೂರ್ಣ ಸದಸ್ಯತ್ವ ಕೊಟ್ಟದ್ದು 2018ರಲ್ಲಿ.

ಇದನ್ನೆಲ್ಲ ಓದಿ ಬೇರೆಯವರ ತಪ್ಪಿಗೆ ತಲೆಯಾಡಿಸುವುದು ಸುಲಭ. ನನ್ನನ್ನು ಕಾಡಿದ್ದು ನಮ್ಮದೇ ದಾಖಲೆಗಳು. ಗೀಗೀ, ಲಾವಣಿಗಳ ಕಡೆಯ ನುಡಿಯಲ್ಲಿ ಕವಿಯ ಹೆಸರು, ಊರಿನ ಹೆಸರು ಬರುತ್ತದೆ. ಆ ರೂಢಿಯಿಂದಲೇ ಎಷ್ಟೋ ಕವಿಗಳು ಚರಿತ್ರೆಗೆ ಸಿಕ್ಕಿದ್ದಾರೆ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಊರೂರಲ್ಲಿ ಕೇಳಿದ ಪದಗಳ ಹುಲಕುಂದದ ಭೀಮಕವಿ ನಮ್ಮ ಬೆಳಗಾವಿ ಜಿಲ್ಲೆಯವನೇ. ಅವನ ಹೆಸರು ನಮಗೆ ಗೊತ್ತು. ಅಂಥ ಪದಗಳಿಗೆ ಊರೂರ ಕಟ್ಟೆಗಳಲ್ಲಿ ತುಂತುನಿ ಹಿಡಿದು ನಿಂತವರು ಯಾರು? ಕಡೆಯ ನುಡಿಯಲ್ಲಿ ಹಿಮ್ಮೇಳಕ್ಕೆ ಜಾಗವಿಲ್ಲ.

ಇನ್ನೊಂದು ಮಾತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, 1931ರಲ್ಲಿ 'ಗರತಿಯ ಹಾಡು' ತಂದರು. 1933ರಲ್ಲಿ ಲಾವಣಿಗಳ ಸಂಕಲನ 'ಜೀವನ ಸಂಗೀತ' ಬಂತು. ಅವರು ಆ ಕೆಲಸ ಮಾಡದಿದ್ದರೆ ನನ್ನಂಥವರಿಗೆ ಓದಲು ಏನೂ ಇರುತ್ತಿರಲಿಲ್ಲ. ಆದರೆ ಆ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಗೆರೆ ಕಾಣುತ್ತದೆ. ಬೀಸುವ ಕಲ್ಲಿನ ಮುಂದೆ ಹಾಡುವ ಹೆಣ್ಣು ಗರತಿ. ಹಾಗಾದರೆ ಮಂದಿಯ ಮುಂದೆ ನಿಂತು ಹಾಡುವ ಹೆಣ್ಣು?

ಗೀಗೀಯಲ್ಲಿ ಈ ಪ್ರಶ್ನೆ ಹಾಡಿನೊಳಗೇ ಇದೆ. ಎರಡು ಮೇಳಗಳು ಎದುರುಬದುರು ನಿಂತು ವಾದ ಹೂಡುತ್ತವೆ. ತುರಾಯಿ ಪಕ್ಷದ ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎನ್ನುತ್ತಾರೆ. ಕಲ್ಗಿ ಪಕ್ಷದ ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುತ್ತಾರೆ. ರಾತ್ರಿಯೆಲ್ಲ ಸವಾಲು, ಜವಾಬು. ನಾಗೇಶಿ ಮೇಳಗಳಲ್ಲಿ ಹೆಂಗಸರು ಹಾಡುತ್ತ ಬಂದಿದ್ದಾರೆ. ಅವರ ವಾದಕ್ಕೆ ಚಪ್ಪಾಳೆ ತಟ್ಟಿದ ಊರೇ, ಬೆಳಗಾದ ಮೇಲೆ ಅವರನ್ನು ಬೇರೆ ಕಣ್ಣಿನಿಂದ ನೋಡಿದೆ.

ನಾಲ್ಕನೆಯ ದಿನ ತಂಗಿಯ ಫೋನ್ ಬಂದಾಗ ದನಿ ಬೇರೆ ಇತ್ತು. ಮಾಸ್ತರರು ಅವಳಿಗೆ ಹೇಳಿದ್ದರಂತೆ: "ನಿನ್ನ ದನಿ ಒಂದ ಕೇಳಬಾರದವ್ವಾ, ಮೂರೂ ಕೂಡಿದ್ದು ಕೇಳಬೇಕು." ಮೈಕಿಗೆ ಒಗ್ಗಿದ ಅವಳ ದನಿ ಪಕ್ಕದವಳ ದನಿಯನ್ನು ಮುಚ್ಚುತ್ತಿತ್ತು. ದನಿ ಇಳಿಸಿ, ಕಿವಿ ಕೊಟ್ಟು ಹಾಡಿದಾಗ ಆ ದಿನ ಮಧ್ಯಾಹ್ನ ಒಮ್ಮೆ ಮೂರೂ ಕೂಡಿತು. "ನಂದ ಯಾವದು, ಆಕೀದ ಯಾವದು ತಿಳೀಲಿಲ್ಲಕ್ಕಾ. ಮೈ ಝುಮ್ ಅಂತು" ಎಂದಳು. ಹಿಮ್ಮೇಳ ಕಲಿತವರೇ ಮುಂದೆ ನಿಲ್ಲಬೇಕು ಎನ್ನುವುದು ಮಾಸ್ತರರ ಪಾಠ. ಕಡೆಯ ದಿನದ ಕಾರ್ಯಕ್ರಮಕ್ಕೆ ಅವಳ ಕೈಗೆ ದಪ್ಪು ಕೊಟ್ಟರು. ನಾಗೇಶಿ ಪಕ್ಷ.

ಮನೆಯಲ್ಲಿ ಸುದ್ದಿ ತಿಳಿದಾಗ ಆಯಿ ಉಂಡ ತಾಟು ಸರಿಸಿ ಸುಮ್ಮನೆ ಕುಳಿತಳು. ನಾನು ಅಂದು ಅಲ್ಲಿಗೆ ಹೋಗಿದ್ದೆ. ಸಂಶೋಧಕಿಯ ಧಾಟಿಯಲ್ಲಿ ಕಲೆ, ಪರಂಪರೆ ಎಂದು ಏನೇನೋ ಹೇಳಿದೆ. ಆಯಿ ಕೇಳಿಸಿಕೊಂಡು, "ಹಾಡಬ್ಯಾಡ ಅನ್ನಂಗಿಲ್ಲ ನಾ. ಮಂದಿ ಮುಂದ ನಿಂತ ಹಾಡಿದವರನ್ನ ಮಂದಿ ಏನಂತಿದ್ರು ಅಂತ ನೀ ಓದೀದಿ. ನಾ ಕೇಳೇನಿ" ಎಂದಳು. ನನ್ನ ಬಳಿ ಮಾತು ಉಳಿಯಲಿಲ್ಲ. ಅವಳ ಭಯ ಮೂಢನಂಬಿಕೆಯಲ್ಲ, ಅನುಭವ. ಬೀಸುವ ಪದ ನೂರಾರು ಬಲ್ಲ ಆಯಿ ಒಮ್ಮೆಯೂ ಹೊಸ್ತಿಲಾಚೆ ಹಾಡಿದವಳಲ್ಲ.

ತಂಗಿ ಹಾಡಿದಳು. ಆಯಿ ಹೋಗಲಿಲ್ಲ. ರಾತ್ರಿ ಫೋನಿನಲ್ಲಿ ಧ್ವನಿಮುದ್ರಣ ಕೇಳಿಸಿದಾಗ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಮೊಮ್ಮಗಳನ್ನು ಹೊಗಳಲಿಲ್ಲ. "ಹಿಂದ ಗೀ ಗೀ ಅಂತಾರಲ್ಲ, ಆ ಹುಡಿಗ್ಯಾರ ಯಾರ ಪೈಕಿ?" ಎಂದಷ್ಟೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ನನ್ನ ಕ್ಷೇತ್ರಕಾರ್ಯದ ವಹಿಯಲ್ಲಿ ಪ್ರತಿ ಹಾಡಿನ ಮೇಲೆ 'ಹಾಡಿದವರು' ಎಂಬ ಒಂದು ಸಾಲು ಇತ್ತು. ಮರುದಿನ ಶಿಬಿರದ ಜಾಗಕ್ಕೆ ಹೋಗಿ ಆ ಇಬ್ಬರು ಹುಡುಗಿಯರ ಹೆಸರು, ಊರು ಬರೆದುಕೊಂಡೆ. ಈಗ ಆ ಜಾಗದಲ್ಲಿ ಮೂರು ಸಾಲು ಬಿಡುತ್ತೇನೆ. ಹಳೆಯ ಧ್ವನಿಮುದ್ರಣಗಳನ್ನು ಮತ್ತೆ ತೆಗೆದು, ಹಿಂದೆ ನಿಂತವರನ್ನು ಒಬ್ಬೊಬ್ಬರನ್ನಾಗಿ ಹುಡುಕುತ್ತಿದ್ದೇನೆ. ಕೆಲವರು ತೀರಿಕೊಂಡಿದ್ದಾರೆ. ಆ ಸಾಲುಗಳು ಇನ್ನೂ ಖಾಲಿ ಇವೆ.