ಸ್ಕರ್ಮಿಶ್ ಗುರಿ ಸ್ಪರ್ಧೆ

ಅಮೆರಿಕದ ಅಂತರ್ಯುದ್ಧ (1861–65) ಕಾಲದ ಸಮವಸ್ತ್ರ ತೊಟ್ಟು, ಅಂದಿನ ಸೇನಾ ಕೋವಿಗಳಿಂದಲೋ ಅವುಗಳ ಅಂಗೀಕೃತ ಪ್ರತಿಕೃತಿಗಳಿಂದಲೋ ನಿಜವಾದ ಗುಂಡು ಹಾರಿಸುವ ತಂಡ ಸ್ಪರ್ಧೆ. 1950ರಲ್ಲಿ ಆರಂಭವಾದ ನಾರ್ತ್-ಸೌತ್ ಸ್ಕರ್ಮಿಶ್ ಅಸೋಸಿಯೇಷನ್ ವರ್ಜೀನಿಯಾದ ವಿಂಚೆಸ್ಟರ್ ಬಳಿಯ ಫೋರ್ಟ್ ಶೆನಂಡೋವಾದಲ್ಲಿ ವರ್ಷಕ್ಕೆರಡು ಬಾರಿ ರಾಷ್ಟ್ರೀಯ ಕೂಟ ನಡೆಸುತ್ತದೆ. ಇದನ್ನು ಬರೀ ವೇಷದಾಟವೆನ್ನುವುದು ಸರಿಯಲ್ಲ. ಯುದ್ಧದ ಅಣಕು ಪ್ರದರ್ಶನಗಳಲ್ಲಿ ಗುಂಡಿಲ್ಲದ ಮದ್ದು ಸಿಡಿಯುತ್ತದೆ. ಇಲ್ಲಿ ಗಡಿಯಾರ ಓಡುತ್ತಿರುವಾಗಲೇ ಮಣ್ಣಿನ ಬಿಲ್ಲೆಗಳು ಒಡೆಯಬೇಕು. ಮಸ್ಕೆಟ್ ತಂಡದ ಎಂಟೂ ಜನ ನಳಿಗೆಯ ಬಾಯಿಗೆ ಮದ್ದು ಸುರಿದು, ಸೀಸದ ಮಿನಿಯೆ ಗುಂಡಿಟ್ಟು, ಗಜದಿಂದ ಕೆಳಕ್ಕೆ ದೂಡಿ, ಕೇಪು ಕೂರಿಸುತ್ತಾರೆ. (ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ ಈ ಕ್ರಮ ಹೊಸದಲ್ಲ.) ಹಲವು ಸುತ್ತು ಕಳೆಯುವಷ್ಟರಲ್ಲಿ ನಳಿಗೆಯೊಳಗೆ ಮಸಿ ಕಟ್ಟಿ ಗಜ ಬಿಗಿಯುತ್ತದೆ, ಗಾಳಿಯಿಲ್ಲದಿದ್ದರೆ ಬಿಳಿ ಹೊಗೆ ಗುರಿಯನ್ನೇ ನುಂಗುತ್ತದೆ. ಗುಂಡಿಗೆ ಜಿಡ್ಡು ಸವರುವುದು ಏಕೆ ಬೇಕಿತ್ತೆಂಬುದು ಆಗ ಕೈಗೇ ತಿಳಿಯುತ್ತದೆ. 1857ರಲ್ಲಿ ಭಾರತೀಯ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟಾದ ಕೊಬ್ಬಿನ ಹಿಂದೆಯೂ ಇದ್ದದ್ದು ಇದೇ ಅಗತ್ಯ.

ಮಣ್ಣಿನ ಬಿಲ್ಲೆ ತಿರುಗಿ ಗುಂಡು ಹಾರಿಸುವುದಿಲ್ಲ, ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚುವ ಬದಲು ಅಳೆದಿಟ್ಟ ಪ್ಲಾಸ್ಟಿಕ್ ನಳಿಕೆಯಿಂದ ಮದ್ದು ಸುರಿಯುತ್ತಾರೆ ಎಂಬ ಆಕ್ಷೇಪಗಳುಂಟು. ಎರಡೂ ನಿಜ. ಹಾಗಾಗಿ ಸ್ಪರ್ಧೆ ಕೋವಿಯ ಬಗ್ಗೆ ಸಾಕ್ಷ್ಯ ನೀಡಬಲ್ಲದೇ ಹೊರತು ಸೈನಿಕನ ಭಯದ ಬಗ್ಗೆಯಲ್ಲ. ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ದಕ್ಷಿಣದ ಪಡೆಯ ಬೂದು ಸಮವಸ್ತ್ರವನ್ನು ಕುರಿತ ಆಕ್ಷೇಪ ಇವಕ್ಕಿಂತ ತೂಕದ್ದು. ಕೋವಿಯ ಜ್ಞಾನ ಅದಕ್ಕೆ ಉತ್ತರವಾಗದು. ಯುರೋಪಿನಲ್ಲಿ ಇಂಥ ಕೋವಿಗಳ ಎಷ್ಟೋ ಸ್ಪರ್ಧೆಗಳು ಸಾಮಾನ್ಯ ಉಡುಪಿನಲ್ಲೇ ನಡೆಯುತ್ತವೆ.