ತನ್ನ ನುಡಿಯಲ್ಲಿ ಪ್ರಶ್ನೆ ಕೇಳುವ ಹಕ್ಕು: ಫಿನ್ನಿಷ್ ಭಾಷೆಯ ಕಥೆ

ಹೊಸ ಭಾಷೆ ಕಲಿಯಹೊರಟವರು ಮೊದಲು ಕಲಿಯಬೇಕಾದದ್ದು ಪ್ರಶ್ನೆ ಕೇಳುವುದನ್ನು. ಇದೇನು? ನಿಲ್ದಾಣ ಎಲ್ಲಿದೆ? ಇಷ್ಟು ಬಂದರೆ ಪರಊರಿನಲ್ಲೂ ದಿನ ಕಳೆಯಬಹುದು. ಆದರೆ ತಮ್ಮ ನಾಡಿನ ನ್ಯಾಯಾಲಯದಲ್ಲೇ ತಮ್ಮ ಮಾತಿಗೆ ಸ್ಥಾನವಿಲ್ಲದೆ ಶತಮಾನಗಳನ್ನು ಕಳೆದ ಜನರೂ ಇದ್ದಾರೆ. ಉತ್ತರ ಯುರೋಪಿನ ಫಿನ್ಲೆಂಡಿನ ಚರಿತ್ರೆ ಅಂಥದು.

1809ರವರೆಗೆ ಫಿನ್ಲೆಂಡ್ ಸ್ವೀಡನ್ ರಾಜ್ಯದ ಭಾಗವಾಗಿತ್ತು. ಬಹುಪಾಲು ಜನರ ಮನೆಮಾತು ಫಿನ್ನಿಷ್. ಆದರೆ ಕಚೇರಿಯ ಭಾಷೆ ಸ್ವೀಡಿಷ್, ವಿದ್ವಾಂಸರ ಭಾಷೆ ಲ್ಯಾಟಿನ್. ಮಿಕಾಯೆಲ್ ಅಗ್ರಿಕೊಲ ಎಂಬ ಧರ್ಮಗುರು 1543ರಲ್ಲಿ ಅಕ್ಷರಮಾಲೆಯ ಪುಸ್ತಕವನ್ನೂ 1548ರಲ್ಲಿ ಹೊಸ ಒಡಂಬಡಿಕೆಯ ಅನುವಾದವನ್ನೂ ಹೊರತಂದು ಫಿನ್ನಿಷ್ ಬರವಣಿಗೆಗೆ ತಳಹದಿ ಹಾಕಿದ. 1649ರಲ್ಲಿ ಎಸ್ಕಿಲ್ ಪೆಟ್ರಾಯಸ್ ಮೊದಲ ಫಿನ್ನಿಷ್ ವ್ಯಾಕರಣವನ್ನು ಪ್ರಕಟಿಸಿದ. ಆದರೆ ಅದನ್ನು ಬರೆದದ್ದು ಲ್ಯಾಟಿನ್ನಿನಲ್ಲಿ!

ಆ ವ್ಯಾಕರಣದ ಒಂದು ಸಣ್ಣ ಮೂಲೆಯನ್ನು ನೋಡೋಣ. 'ಪುಹುತ್ ಸುಓಮೆಅ' ಎಂದರೆ 'ನೀನು ಫಿನ್ನಿಷ್ ಮಾತಾಡುತ್ತೀಯ'. ಇದನ್ನು ಪ್ರಶ್ನೆಯಾಗಿಸಲು ಕ್ರಿಯಾಪದಕ್ಕೆ 'ಕೊ' ಎಂಬ ಪ್ರತ್ಯಯ ಹಚ್ಚಿ ಅದನ್ನು ವಾಕ್ಯದ ಮೊದಲಿಗಿಟ್ಟರೆ ಸಾಕು: 'ಪುಹುತ್‌ಕೊ ಸುಓಮೆಅ?' ನಾವು 'ಮಾತಾಡುತ್ತೀಯ' ಎಂಬುದಕ್ಕೆ 'ಆ' ಸೇರಿಸಿ 'ಮಾತಾಡುತ್ತೀಯಾ?' ಎನ್ನುವುದಿಲ್ಲವೇ, ಹಾಗೆಯೇ. ಪದದ ಸ್ವರಗಳಿಗೆ ಹೊಂದಿಕೊಂಡು ಈ 'ಕೊ' ಕೆಲವೆಡೆ ತುಟಿ ದುಂಡಗೆ ಮಾಡಿ ನುಡಿಯುವ 'ಕೆ'ಯಂತಾಗುತ್ತದೆ. ಉತ್ತರವೂ ನಮ್ಮಂತೆಯೇ. ಬರೀ ಹೌದು ಎನ್ನುವ ಬದಲು ಕ್ರಿಯಾಪದವನ್ನೇ ಮರುನುಡಿದು 'ಪುಹುನ್' (ಮಾತಾಡುತ್ತೇನೆ) ಎನ್ನಬಹುದು. ಇಲ್ಲವಾದರೆ 'ಎನ್ ಪುಹು'. 'ಕುಕ' (ಯಾರು), 'ಮಿಸ್ಸ್ಯಾ' (ಎಲ್ಲಿ) ಮುಂತಾದ ಪ್ರಶ್ನಾರ್ಥಕ ಪದಗಳಿದ್ದಾಗ 'ಕೊ' ಬೇಕಿಲ್ಲ. 'ಯಾರು ಬಂದರು?' ಎನ್ನುವಾಗ ನಮಗೂ 'ಆ' ಬೇಡವಷ್ಟೆ.

ಈ ಹೋಲಿಕೆ ಹಿಂದೆಯೇ ವಿದ್ವಾಂಸರ ಕಣ್ಣಿಗೆ ಬಿದ್ದಿತ್ತು. ತಿರುನೆಲ್ವೇಲಿ ಸೀಮೆಯಲ್ಲಿದ್ದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಕನ್ನಡ, ತಮಿಳು ಮೊದಲಾದವುಗಳಿಗೆ ತಾನು 'ಸಿಥಿಯನ್' ಎಂದು ಕರೆದ ಬಳಗದ ನಂಟು ಕಲ್ಪಿಸಿದ. ಫಿನ್ನಿಷ್ ಆ ಬಳಗದಲ್ಲಿತ್ತು. ಇಂದಿನ ಭಾಷಾವಿಜ್ಞಾನ ಈ ನಂಟನ್ನು ಸಿದ್ಧಪಟ್ಟದ್ದೆಂದು ಒಪ್ಪುವುದಿಲ್ಲ. ಪ್ರತ್ಯಯಗಳನ್ನು ಒಂದರ ಹಿಂದೊಂದು ಪೋಣಿಸುವ ಭಾಷೆಗಳು ಜಗತ್ತಿನಲ್ಲಿ ಹಲವು. ರಚನೆಯ ಹೋಲಿಕೆಯಷ್ಟರಿಂದಲೇ ರಕ್ತಸಂಬಂಧ ಹೇಳಲಾಗದು ಎಂಬ ಪಾಠ ಇಲ್ಲಿದೆ.

1809ರಲ್ಲಿ ಫಿನ್ಲೆಂಡ್ ರಷ್ಯಾದ ಚಕ್ರವರ್ತಿಯ ಕೈಸೇರಿದರೂ ಆಡಳಿತದಲ್ಲಿ ಸ್ವೀಡಿಷ್ ಮುಂದುವರಿಯಿತು. ಆದರೆ ಎಚ್ಚರ ಮೂಡುತ್ತಿತ್ತು. ವೃತ್ತಿಯಿಂದ ವೈದ್ಯನಾಗಿದ್ದ ಎಲಿಯಾಸ್ ಲೊನ್‌ರೋಟ್ ಜನಪದ ಹಾಡುಗಳನ್ನು ಸಂಗ್ರಹಿಸಿ 1835ರಲ್ಲಿ 'ಕಾಲೆವಾಲ' ಮಹಾಕಾವ್ಯವನ್ನು ಹೊರತಂದ. ಜನರ ಭಾಷೆಯೇ ರಾಷ್ಟ್ರದ ಭಾಷೆಯಾಗಬೇಕೆಂದು ತತ್ತ್ವಜ್ಞಾನಿ ಸ್ನೆಲ್‌ಮನ್ ವಾದಿಸಿದ. ಕೊನೆಗೆ 1863ರ ಆಗಸ್ಟ್ 1ರಂದು ಎರಡನೆಯ ಅಲೆಕ್ಸಾಂಡರ್ ಭಾಷಾ ಆಜ್ಞೆಗೆ ಸಹಿ ಹಾಕಿದ. ಫಿನ್ನಿಷ್ ಜನತೆಗೆ ನೇರವಾಗಿ ಸಂಬಂಧಿಸಿದ ವಿಷಯಗಳಲ್ಲಿ 20 ವರ್ಷಗಳೊಳಗೆ ಅವರ ಭಾಷೆಗೆ ಸ್ವೀಡಿಷ್‌ನೊಂದಿಗೆ ಸಮಾನ ಸ್ಥಾನ ಸಿಗಬೇಕೆಂಬುದು ಅದರ ಸಾರ. ದೇಶ ಸ್ವತಂತ್ರವಾದದ್ದು 1917ರಲ್ಲಿ. 1919ರ ಸಂವಿಧಾನ ಫಿನ್ನಿಷ್, ಸ್ವೀಡಿಷ್ ಎರಡನ್ನೂ ರಾಷ್ಟ್ರಭಾಷೆಗಳೆಂದು ಮಾನ್ಯ ಮಾಡಿತು. ಗೆದ್ದ ಬಹುಸಂಖ್ಯಾತರು ಅಲ್ಪಸಂಖ್ಯಾತರ ನುಡಿಯನ್ನು ಹೊರಗಟ್ಟಲಿಲ್ಲ ಎಂಬುದು ಗಮನಾರ್ಹ.

'ಕೊ' ಎಂಬುದು ಒಂದೇ ಅಕ್ಷರ. ಮನೆಯಂಗಳದಲ್ಲಿ ಅದು ಎಂದೂ ಇತ್ತು. ಅದು ಅಲ್ಲಿಂದ ನ್ಯಾಯಾಲಯದ ಕಟ್ಟೆ ಏರಲು ಅಗ್ರಿಕೊಲನ ಪುಸ್ತಕದಿಂದ ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ವ್ಯಾಕರಣದ ನಿಯಮವನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಅದನ್ನು ಬಳಸುವ ಹಕ್ಕನ್ನು ತಲೆಮಾರುಗಳೇ ಗಳಿಸಬೇಕಾಗುತ್ತದೆ.